ಜಾರುಬಂಡೆಯ ನೆತ್ತಿಯಲ್ಲಿ

ಬ್ರೆಜಿಲ್ ದೇಶದ ಈಶಾನ್ಯ ಕರಾವಳಿಯಲ್ಲಿ ಫೋರ್ಟಲೇಜಾ ಎಂಬ ನಗರವಿದೆ. ಅದರ ಸಮೀಪದ ‘ಬೀಚ್ ಪಾರ್ಕ್’ ಎಂಬ ಜಲವಿಹಾರ ತಾಣದಲ್ಲಿ 1989ರಲ್ಲಿ ಒಂದು ಜಾರುಬಂಡೆ ಎದ್ದು ನಿಂತಿತು. ಎತ್ತರ 41 ಮೀಟರ್, ಅಂದರೆ ಹೆಚ್ಚೂ ಕಡಿಮೆ ಹದಿನಾಲ್ಕು ಅಂತಸ್ತಿನ ಕಟ್ಟಡದಷ್ಟು. ಅಷ್ಟೆತ್ತರದಿಂದ ಕೆಳಗಿನ ಕೊಳಕ್ಕೆ ಬಂದು ಬೀಳಲು ನಾಲ್ಕೈದು ಸೆಕೆಂಡು ಸಾಕು. ಅದಕ್ಕೆ ಇಟ್ಟ ಹೆಸರು ‘ಇನ್ಸಾನೋ’. ಪೋರ್ಚುಗೀಸ್ ಭಾಷೆಯಲ್ಲಿ ಹುಚ್ಚ ಎಂದರ್ಥ. ಇಪ್ಪತ್ತೈದು ವರ್ಷಗಳ ನಂತರ, 2014ರಲ್ಲಿ, ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಅದಕ್ಕಿಂತಲೂ ಎತ್ತರದ ಇನ್ನೊಂದು ಬಂತು. ಅದರ ಹೆಸರು ‘ಫೆರ್ರುಕ್ಟ್’. ಇದು ಜರ್ಮನ್ ಪದ. ಅರ್ಥ ಮಾತ್ರ ಅದೇ: ಹುಚ್ಚು.

ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಸ್ಥೆಗಳು ಬೇರೆ ಬೇರೆ ಭಾಷೆಗಳಲ್ಲಿ ಹುಡುಕಿ ಒಂದೇ ಹೆಸರಿಗೆ ಬಂದು ನಿಂತದ್ದು ಕುತೂಹಲದ ಸಂಗತಿ. ಹೋಟೆಲಿನವನು ತನ್ನ ಊಟಕ್ಕೆ ‘ಹೊಟ್ಟೆನೋವು’ ಎಂದು ಹೆಸರಿಟ್ಟರೆ ಯಾರೂ ಒಳಗೆ ಕಾಲಿಡುವುದಿಲ್ಲ. ಇಲ್ಲಿ ಹಾಗಲ್ಲ. ಇದು ಹುಚ್ಚು ಎಂದು ಬಾಗಿಲಲ್ಲೇ ಬರೆದು ಹಾಕಿದ್ದಾರೆ. ಜನ ಅದನ್ನು ಓದಿ, ದುಡ್ಡು ಕೊಟ್ಟು, ಬಿಸಿಲಿನಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ. ಅವರು ಕೊಳ್ಳುತ್ತಿರುವ ಸರಕು ಭಯ. ಭಯವನ್ನು ಹಣ ಕೊಟ್ಟು ಪಡೆಯುವ ಈ ರೂಢಿ ಎಲ್ಲಿಂದ ಬಂತು, ಆ ಭಯ ಎಷ್ಟರ ಮಟ್ಟಿಗೆ ನಂಬಲರ್ಹವಾದದ್ದು ಎಂಬ ಎರಡು ಪ್ರಶ್ನೆಗಳಿಗೂ ದೀರ್ಘವಾದ ಚರಿತ್ರೆಯಿದೆ.

ಎತ್ತರದ ಜಾರುಬಂಡೆಯನ್ನು ಏರಿದವರನ್ನು ಕೇಳಿದರೆ, ಬಹುಮಂದಿ ಜಾರಿದ್ದಕ್ಕಿಂತ ಹೆಚ್ಚಾಗಿ ಏರಿದ್ದನ್ನೇ ವಿವರಿಸುತ್ತಾರೆ. ನೆಲದಿಂದ ನೋಡಿದಾಗ ‘ಇಷ್ಟೇ ತಾನೆ’ ಅನ್ನಿಸಿದ್ದು ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಬೇರೆಯಾಗಿ ಕಾಣುತ್ತದೆ. ಒದ್ದೆ ಮೈಗೆ ಮೇಲಿನ ಗಾಳಿ ತಾಗಿ ಚಳಿ ಹುಟ್ಟುತ್ತದೆ. ನಡುಕ ಚಳಿಯದೋ ಹೆದರಿಕೆಯದೋ ತಿಳಿಯುವುದಿಲ್ಲ. ಕಬ್ಬಿಣದ ಮೆಟ್ಟಿಲುಗಳ ಸಂದಿಯಿಂದ ಕೆಳಗಿನ ನೆಲ ಕಾಣುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಮೇಲಿನಿಂದ ಒಂದು ಕಿರುಚಾಟ ಹೊರಟು, ಥಟ್ಟನೆ ಕೆಳಗೆ ಎಲ್ಲೋ ನಿಲ್ಲುತ್ತದೆ. ಸಾಲಿನ ಹಿಂದೆ ಹತ್ತು ವರ್ಷದ ಮಕ್ಕಳು ಕೇಕೆ ಹಾಕುತ್ತಿರುತ್ತಾರೆ. ಅವರ ಮುಂದೆ ಮೀಸೆ ಹೊತ್ತವರು ಹಿಂದಿರುಗಿ ಇಳಿಯುವುದು ಹೇಗೆ? ಎಷ್ಟೋ ಜನ ಜಾರುವುದು ಧೈರ್ಯದಿಂದಲ್ಲ, ಇಳಿಯುವ ನಾಚಿಕೆಗೆ ಅಂಜಿ.

ತುದಿಗೆ ಬಂದಾಗ ಕೆಲಸದ ಹುಡುಗ ನಾಲ್ಕು ಮಾತು ಹೇಳುತ್ತಾನೆ: ಮಲಗಿ, ಕೈಗಳನ್ನು ಎದೆಯ ಮೇಲೆ ಕಟ್ಟಿ, ಪಾದಗಳನ್ನು ಒಂದರ ಮೇಲೊಂದು ಇಡಿ, ತಲೆ ಎತ್ತಬೇಡಿ. ಇದು ಶಿಸ್ತಿಗಾಗಿ ಮಾಡಿದ ನಿಯಮವಲ್ಲ. ಅಂಥ ವೇಗದಲ್ಲಿ ನೀರು ಗಟ್ಟಿ ವಸ್ತುವಿನಂತೆ ವರ್ತಿಸುತ್ತದೆ. ಕಾಲು ಅಗಲಿಸಿದರೆ ಕೆಳಗಿನ ನೀರು ದೇಹದೊಳಗೆ ರಭಸದಿಂದ ನುಗ್ಗಿ ಗಾಯ ಮಾಡಬಲ್ಲದು. ಎದ್ದು ಕುಳಿತರೆ ದೇಹ ಸಮತೋಲ ತಪ್ಪಿ ಮಗುಚಬಹುದು. ಆದರೆ ಕಾರಣ ವಿವರಿಸಲು ಆತನಿಗೆ ಸಮಯವಿಲ್ಲ, ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಜಾರುವವರೂ ಇರುವುದಿಲ್ಲ.

ಎತ್ತರದ ಅಂಚಿನಲ್ಲಿ ಹುಟ್ಟುವ ಈ ಹೆದರಿಕೆ ಕಲಿತದ್ದೋ, ಹುಟ್ಟಿನಿಂದ ಬಂದದ್ದೋ? ಅಮೆರಿಕದ ಮನೋವಿಜ್ಞಾನಿಗಳಾದ ಎಲಿನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಎತ್ತರದಲ್ಲಿ ಹಾಸಿದ ದಪ್ಪ ಗಾಜಿನ ಒಂದು ಬದಿಯ ಕೆಳಗೆ ಒತ್ತಿದಂತೆ ಚೌಕಳಿಯ ಬಟ್ಟೆ. ಇನ್ನೊಂದು ಬದಿಯಲ್ಲಿ ಅದೇ ಬಟ್ಟೆ ಬಹಳ ಕೆಳಗೆ, ನೆಲದ ಮೇಲೆ. ಆರರಿಂದ ಹದಿನಾಲ್ಕು ತಿಂಗಳ 36 ಕೂಸುಗಳನ್ನು ನಡುವಿನ ಹಲಗೆಯ ಮೇಲೆ ಬಿಟ್ಟು, ತಾಯಂದಿರಿಂದ ಕರೆಸಿದರು. ಹಲಗೆ ಬಿಟ್ಟು ಕದಲಿದ 27 ಕೂಸುಗಳೂ ಆಳವಿಲ್ಲದ ಬದಿಗೆ ಅಂಬೆಗಾಲಿಟ್ಟು ಹೋದವು. ‘ಪ್ರಪಾತ’ದ ಮೇಲೆ ಹೋಗುವ ಧೈರ್ಯ ಮಾಡಿದವು ಮೂರೇ. ಕೆಲವು ಕೂಸುಗಳು ಗಾಜನ್ನು ಕೈಯಿಂದ ತಟ್ಟಿ ನೋಡಿದವು. ಗಟ್ಟಿಯಾಗಿದೆ ಎಂದು ಗೊತ್ತಾದರೂ ಹಿಂದೆ ಸರಿದವು. ಕೈ ಹೇಳಿದ್ದನ್ನು ಕಣ್ಣು ಒಪ್ಪಲಿಲ್ಲ. ಜಾರುಬಂಡೆಯ ತುದಿಯಲ್ಲಿ ಕುಳಿತ ದೊಡ್ಡವರ ಪಾಡೂ ಇದೇ. ಇದು ಸುರಕ್ಷಿತ ಎಂಬ ತಿಳಿವಳಿಕೆ ತಲೆಯಲ್ಲಿರುತ್ತದೆ, ಮೊಣಕಾಲಿಗೆ ಆ ಸುದ್ದಿ ಮುಟ್ಟಿರುವುದಿಲ್ಲ.

ಅಂಚು ದಾಟಿದ ಕ್ಷಣ ‘ಹೊಟ್ಟೆ ಬಾಯಿಗೆ ಬಂತು’ ಅನ್ನುವುದುಂಟು. ಇದು ಬರೀ ಮಾತಿನ ಅಲಂಕಾರವಲ್ಲ. ನಾವು ಭಾರ ಎಂದು ಅನುಭವಿಸುವುದು ನೆಲ ನಮ್ಮನ್ನು ಮೇಲಕ್ಕೆ ಒತ್ತುವ ಒತ್ತಡವನ್ನು. ಸುಮಾರು ನೇರವಾಗಿಯೇ ಇಳಿಯುವ ಜಾರಿನಲ್ಲಿ ಆ ಒತ್ತಡ ಬಹುಪಾಲು ಕಳೆದುಹೋಗುತ್ತದೆ. ಹೊಟ್ಟೆಯೊಳಗಿನ ಅಂಗಗಳು ಒಂದರ ಮೇಲೊಂದು ಕೂತ ಭಾರ ಇಲ್ಲವಾಗುತ್ತದೆ. ಒಳಕಿವಿಯಲ್ಲಿ ಗುರುತ್ವವನ್ನು ಅಳೆಯುವ ಸೂಕ್ಷ್ಮ ಹರಳುಗಳು ‘ಬೀಳುತ್ತಿದ್ದೇವೆ’ ಎಂದು ಮಿದುಳಿಗೆ ಸಾರುತ್ತವೆ. ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಅಪಾಯ ಕಳೆದ ಮೇಲೂ ಈ ಉದ್ರೇಕ ತಕ್ಷಣ ತಗ್ಗುವುದಿಲ್ಲ. ಕೊಳದಿಂದ ಏಳುವವರು ಮೂಗಿಗೆ ನೀರು ನುಗ್ಗಿದ್ದರೂ ನಗುತ್ತಿರುವುದು ಅದೇ ಉದ್ರೇಕ ಬಣ್ಣ ಬದಲಿಸಿದ್ದರಿಂದ.

ವೇಗದ ವಿಚಾರದಲ್ಲಿ ಒಂದು ತಮಾಷೆಯಿದೆ. ಇನ್ಸಾನೋದ ವೇಗ ಗಂಟೆಗೆ 105 ಕಿಲೋಮೀಟರ್ ಎಂದು ಪ್ರಚಾರ. ಶಾಲೆಯಲ್ಲಿ ಕಲಿತ ಸೂತ್ರದಂತೆ ಲೆಕ್ಕ ಹಾಕಿದರೆ, 41 ಮೀಟರ್ ಎತ್ತರದಿಂದ ಗಾಳಿಯ ಅಡ್ಡಿಯಾಗಲಿ ಘರ್ಷಣೆಯಾಗಲಿ ಇಲ್ಲದೆ ಬಿದ್ದ ಕಲ್ಲು ಕೂಡ ನೆಲ ಮುಟ್ಟುವಾಗ ಗಂಟೆಗೆ 102 ಕಿಲೋಮೀಟರ್ ವೇಗವನ್ನಷ್ಟೇ ಗಳಿಸೀತು. ಉಳಿದ ಮೂರು ಕಿಲೋಮೀಟರು ಜಾಹೀರಾತಿನವರ ಕೊಡುಗೆ ಇರಬೇಕು.

ಜಾರುವ ಮೋಜನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟಿ ನಿಲ್ಲಿಸಿದವರಲ್ಲಿ ರಷ್ಯನ್ನರು ಮೊದಲಿಗರು. ಅವರು ಜಾರಿದ್ದೂ ನೀರಿನ ಮೇಲೆಯೇ, ಆದರೆ ಹೆಪ್ಪುಗಟ್ಟಿದ ನೀರಿನ ಮೇಲೆ. ಸೇಂಟ್ ಪೀಟರ್ಸ್‌ಬರ್ಗ್ ಸುತ್ತಮುತ್ತ 18ನೇ ಶತಮಾನದಲ್ಲಿ, ಚಳಿಗಾಲದ ಹಬ್ಬದ ದಿನಗಳಲ್ಲಿ, ಮರದ ತೊಲೆಗಳಿಂದ ಎಪ್ಪತ್ತು ಎಂಬತ್ತು ಅಡಿ ಎತ್ತರದ ಅಟ್ಟ ಕಟ್ಟುತ್ತಿದ್ದರು. ಇಳಿಜಾರಿನ ಹಲಗೆಗಳ ಮೇಲೆ ನೀರು ಸುರಿದರೆ ರಾತ್ರಿ ಕಳೆಯುವಷ್ಟರಲ್ಲಿ ಅದು ಗಾಜಿನಂಥ ಮಂಜಿನ ಹಾದಿ. ಹಿಂದಿನಿಂದ ಮೆಟ್ಟಿಲು ಹತ್ತಿ, ಪುಟ್ಟ ಜಾರುಗಾಡಿಯ ಮೇಲೆ ಕುಳಿತು, ಮುಂದೆ ಜಾರುವುದು. ಇಂದಿನ ಜಾರುಬಂಡೆಯ ಏರ್ಪಾಟೆಲ್ಲ ಆಗಲೇ ಇತ್ತು: ಮೆಟ್ಟಿಲು, ಸಾಲು, ತುದಿಯ ಅಟ್ಟ, ಜಾರು, ಕೊನೆಗೆ ನಿಲ್ಲಲು ಉದ್ದನೆಯ ಸಮತಟ್ಟು.

ಈ ಆಟಕ್ಕೆ ಅರಮನೆಯ ಗೌರವವೂ ದೊರೆಯಿತು. ಸಾಮ್ರಾಜ್ಞಿ ಎರಡನೇ ಕ್ಯಾಥರೀನ್‌ಳಿಗಾಗಿ ಇಟಲಿಯ ವಾಸ್ತುಶಿಲ್ಪಿ ಅಂತೋನಿಯೊ ರಿನಾಲ್ಡಿ ಪೀಟರ್ಸ್‌ಬರ್ಗ್ ಸಮೀಪದ ಒರಾನಿಯೆನ್‌ಬಾಮ್‌ನಲ್ಲಿ 1762ರಿಂದ 1774ರ ಅವಧಿಯಲ್ಲಿ ನೀಲಿ ಬಿಳಿ ಬಣ್ಣದ ಗುಮ್ಮಟದ ಮಂಟಪವೊಂದನ್ನು ಕಟ್ಟಿದ. ಮಂಟಪದ ಮೇಲಂತಸ್ತಿನಿಂದ ಹೊರಟ ಜಾರುಹಾದಿ ಏರಿಳಿಯುತ್ತ ಅರ್ಧ ಕಿಲೋಮೀಟರಿಗೂ ಉದ್ದ ಸಾಗುತ್ತಿತ್ತು. ಬೇಸಿಗೆಯಲ್ಲೂ ಆಡಲು ಅನುಕೂಲವಾಗಲೆಂದು ಅಲ್ಲಿ ಗಾಲಿಯ ಬಂಡಿಗಳಿದ್ದವು. ಭಯಪಡುವುದಕ್ಕೆ ಇಷ್ಟು ಚೆಲುವಾದ ಕಟ್ಟಡ ಬೇರೆಲ್ಲೂ ಇದ್ದಂತಿಲ್ಲ.

ನೆಪೋಲಿಯನ್ ಯುದ್ಧಗಳ ಬೆನ್ನಿಗೇ ಈ ಹವ್ಯಾಸ ಪ್ಯಾರಿಸ್ಸಿನಲ್ಲಿ ಬೇರೂರಿತು. 1817ರಲ್ಲಿ ಆ ನಗರದ ಉದ್ಯಾನಗಳಲ್ಲಿ ಗಾಲಿ ಬಂಡಿಗಳ ಇಳಿಜಾರುಗಳು ತೆರೆದವು. ಫ್ರೆಂಚರು ಅದನ್ನು ‘ರಷ್ಯಾದ ಬೆಟ್ಟ’ ಎಂದು ಕರೆದರು. ಇಟಲಿ ಮತ್ತು ಸ್ಪೇನಿನವರೂ ರೋಲರ್ ಕೋಸ್ಟರಿಗೆ ಹಾಗೆಯೇ ಅನ್ನುತ್ತಾರೆ. ರಷ್ಯನ್ನರು ಮಾತ್ರ ಅದಕ್ಕೆ ‘ಅಮೆರಿಕದ ಗುಡ್ಡ’ ಎನ್ನುತ್ತಾರೆ. ಹುಚ್ಚಾಟ ಯಾವಾಗಲೂ ಪಕ್ಕದೂರಿನವರದು!

ಮಂಜನ್ನು ಬಿಟ್ಟು ಹರಿಯುವ ನೀರಿಗೆ ಇಳಿದದ್ದು ಅಮೆರಿಕದಲ್ಲಿ. ಇಲಿನಾಯ್ ರಾಜ್ಯದ ರಾಕ್ ಐಲೆಂಡ್‌ನಲ್ಲಿ 1884ರಲ್ಲಿ ಗುಡ್ಡದ ಇಳಿಜಾರಿನಿಂದ ಚಪ್ಪಟೆ ತಳದ ದೋಣಿಯನ್ನು ನದಿಗೆ ಜಾರಿಸುವ ಆಟ ಆರಂಭವಾಯಿತು. ಅದನ್ನು ವ್ಯಾಪಾರವಾಗಿ ಬೆಳೆಸಿದವನು ಕ್ಯಾಪ್ಟನ್ ಪಾಲ್ ಬಾಯ್ಟನ್. ಗಾಳಿ ತುಂಬಿದ ರಬ್ಬರ್ ಉಡುಪು ತೊಟ್ಟು 1875ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಹೆಸರು ಮಾಡಿದ್ದ ಸಾಹಸಿ ಈತ. 1894ರಲ್ಲಿ ಷಿಕಾಗೊದಲ್ಲಿ, ಮರುವರ್ಷ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ, ಸುತ್ತ ಬೇಲಿ ಹಾಕಿ ಬಾಗಿಲಲ್ಲಿ ಪ್ರವೇಶಧನ ವಸೂಲು ಮಾಡುವ ಉದ್ಯಾನಗಳನ್ನು ತೆರೆದ. ಎರಡರಲ್ಲೂ ಮುಖ್ಯ ಆಕರ್ಷಣೆ, ದೋಣಿ ಇಳಿಜಾರಿನಲ್ಲಿ ಧಾವಿಸಿ ಕೊಳದ ಮೇಲೆ ಚಪ್ಪಟೆ ಕಲ್ಲಿನಂತೆ ಪುಟಿಯುವ ಆಟ. 1923ರಲ್ಲಿ ಮಿನೆಸೋಟದ ಹರ್ಬರ್ಟ್ ಸೆಲ್ನರ್ ಎಂಬಾತ ಇದನ್ನು ಒಬ್ಬೊಬ್ಬರಿಗೆ ಹೊಂದಿಸಿದ: ಮರದ ಜಾರು, ಹಲಗೆಯಂಥ ಗಾಡಿ, ಕೆಳಗೆ ಸರೋವರ.

ಆದರೂ ಗಾಡಿಯಿಲ್ಲದೆ ಬರಿಮೈಯಲ್ಲಿ ಜಾರಲು ಫೈಬರ್‌ಗ್ಲಾಸ್ ಬರಬೇಕಾಯಿತು. ನುಣುಪು, ಹಗುರ, ಬೇಕಾದಂತೆ ಬಗ್ಗುವ ಗುಣ; ತುಂಡು ತುಂಡಾಗಿ ತಯಾರಿಸಿ ತಂದು ಎಷ್ಟೆತ್ತರಕ್ಕಾದರೂ ಜೋಡಿಸಬಹುದು. ಸೀವರ್ಲ್ಡ್ ಸ್ಥಾಪಿಸಿದ ಜಾರ್ಜ್ ಮಿಲೇ 1977ರಲ್ಲಿ ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ತೆರೆದ ‘ವೆಟ್ ಎನ್ ವೈಲ್ಡ್’ ಈಗಿನ ಮಾದರಿಯ ಜಲೋದ್ಯಾನಗಳಲ್ಲಿ ಮೊದಲನೆಯದೆಂದು ಹೆಸರಾಗಿದೆ. ಅದು 2016ರ ಕೊನೆಯ ದಿನ ಮುಚ್ಚಿತು. ಅದೇ ಊರಿನ ಬಳಿ ಡಿಸ್ನಿ ಸಂಸ್ಥೆ 1995ರಲ್ಲಿ ‘ಬ್ಲಿಜಾರ್ಡ್ ಬೀಚ್’ ತೆರೆಯಿತು. ಅಲ್ಲಿನ 120 ಅಡಿಯ ಜಾರುಬಂಡೆಯನ್ನು ಹಿಮಬೆಟ್ಟದ ರೂಪದಲ್ಲಿ ಕಟ್ಟಿದ್ದಾರೆ. ಫ್ಲಾರಿಡಾದ ಬಿಸಿಲಿಗೆ ಕರಗುತ್ತಿರುವ ಹಿಮ ಎಂಬುದು ಅದರ ಕಲ್ಪನೆ. ರಷ್ಯಾದ ಮಂಜಿನ ಗುಡ್ಡವನ್ನು ಅವರು ನೆನೆದಿದ್ದರೋ ಇಲ್ಲವೋ, ಸುತ್ತು ಪೂರ್ತಿಯಾಯಿತು.

ಈ ಮೋಜಿನ ಒಳಗುಟ್ಟನ್ನು ವಿದ್ವಾಂಸರೂ ವಿಚಾರಿಸದೆ ಬಿಟ್ಟಿಲ್ಲ. ಫ್ರಾನ್ಸಿನ ರೋಜೆ ಕೈವಾ 1958ರಲ್ಲಿ ಆಟಗಳ ಬಗ್ಗೆ ಬರೆದ ಗ್ರಂಥದಲ್ಲಿ ಮಾನವನ ಆಟಗಳನ್ನೆಲ್ಲ ನಾಲ್ಕು ಬಗೆಯಾಗಿ ವಿಂಗಡಿಸಿದ: ಸ್ಪರ್ಧೆ, ಅದೃಷ್ಟ, ಅನುಕರಣೆ ಮತ್ತು ತಲೆತಿರುಗು. ನಾಲ್ಕನೆಯದಕ್ಕೆ ಆತ ಇಟ್ಟ ಹೆಸರು ‘ಇಲಿಂಕ್ಸ್’. ಗ್ರೀಕ್ ಭಾಷೆಯಲ್ಲಿ ನೀರಿನ ಸುಳಿ ಎಂದರ್ಥ. ಮರುವರ್ಷ ಮೈಕೆಲ್ ಬಾಲಿಂಟ್ ಎಂಬ ಹಂಗೆರಿ ಮೂಲದ ಮನೋವಿಶ್ಲೇಷಕ ರೋಮಾಂಚನದ ಬಗ್ಗೆಯೇ ಒಂದು ಪುಸ್ತಕ ಹೊರತಂದ. ಜಾತ್ರೆಯ ತೊಟ್ಟಿಲು, ಜಾರುಬಂಡಿಗಳಿಂದಲೇ ವಿಚಾರ ಆರಂಭಿಸುವ ಬಾಲಿಂಟ್ ಮೂರು ಅಂಶಗಳನ್ನು ಗುರುತಿಸುತ್ತಾನೆ. ಹೊರಗೆ ಅಪಾಯವಿದೆ ಎಂಬ ಅರಿವು ಮತ್ತು ಭಯ. ತಾನಾಗಿಯೇ ಅದಕ್ಕೆ ಒಡ್ಡಿಕೊಳ್ಳುವುದು. ಎಲ್ಲ ಸರಿಹೋಗಿ ಕ್ಷೇಮವಾಗಿ ಮರಳುತ್ತೇನೆಂಬ ಭರವಸೆ. ಮೂರೂ ಕೂಡಿದರಷ್ಟೇ ರೋಮಾಂಚನ. ಮನುಷ್ಯರಲ್ಲಿ ಕಂಬಿ ಬಿಡದೆ ಹಿಡಿದುಕೊಳ್ಳುವವರು ಒಂದು ಬಗೆ, ಕೈಬಿಟ್ಟು ನಡುವಿನ ಅಂತರದಲ್ಲಿ ಹಿಗ್ಗುವವರು ಇನ್ನೊಂದು ಬಗೆ ಎಂದೂ ಆತ ಹೇಳಿದ. ಜಾರುಬಂಡೆಯ ಮೆಟ್ಟಿಲಲ್ಲಿ ನಿಂತು ನೋಡಿದರೆ ಈ ವಿಂಗಡಣೆಗೆ ಬೇರೆ ಪುರಾವೆ ಬೇಡ. ಆದರೆ ಮೂರನೆಯ ಅಂಶದ ಬಗ್ಗೆ ಆತ ಬಿಟ್ಟ ಪ್ರಶ್ನೆಯೊಂದಿದೆ. ಆ ಭರವಸೆಗೆ ಆಧಾರ ಕೊಡುವವರು ಯಾರು?

ಕನ್ನಡದಲ್ಲಿ ಈ ಆಟದ ಹೆಸರಿನಲ್ಲೇ ಕಲ್ಲಿದೆ. ಬಯಲುಸೀಮೆಯ ಊರುಗಳ ಹೊರವಲಯದಲ್ಲಿ ಮಕ್ಕಳು ತಲೆಮಾರುಗಳಿಂದ ಜಾರಿ ಜಾರಿ ನುಣುಪಾದ ಬಂಡೆಗಳುಂಟು. ಹರಿದ ಚಡ್ಡಿಗೆ ಮನೆಯಲ್ಲಿ ಬೈಗುಳವೂ ಉಂಟು. ಮಲೆನಾಡಿನಲ್ಲಿ ಅಡಿಕೆ ಹಾಳೆಯೇ ಜಾರುಗಾಡಿ. ಈಜು ಕಲಿಯುವುದಂತೂ ತೋಟದ ಬಾವಿಯಲ್ಲಿ: ಬೆನ್ನಿಗೆ ಬೆಂಡೋ ಸೋರೆ ಬುರುಡೆಯೋ ಕಟ್ಟಿ, ದಡದಲ್ಲಿ ಅಳುತ್ತ ನಿಂತ ಹುಡುಗನನ್ನು ಸೋದರಮಾವ ಹಿಂದಿನಿಂದ ನೂಕುವುದು. ಇದನ್ನು ಈಗ ಸವಿನೆನಪಾಗಿ ಹೇಳುವವರು ಬಾವಿಯಿಂದ ಮೇಲೆ ಬಂದವರು. ಬಾರದವರ ಲೆಕ್ಕ ಯಾರೂ ಇಟ್ಟಿಲ್ಲ.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಬಳಿ 2005ರಲ್ಲಿ ‘ವಂಡರ್‌ಲಾ’ ತೆರೆದ ಮೇಲೆ ನಾಡಿನ ಶಾಲಾ ಪ್ರವಾಸದ ಪಟ್ಟಿಗೆ ನೀರಿನ ಜಾರುಬಂಡೆಯೂ ಸೇರಿಕೊಂಡಿತು. ಇಂಥ ಉದ್ಯಾನಗಳಲ್ಲಿ ಕಾಣುವ ಒಂದು ಸಂಗತಿ ಗಮನಾರ್ಹ. ಬೀದಿಯಲ್ಲಿ ಜೋರಾಗಿ ನಕ್ಕರೂ ತಿರುಗಿ ನೋಡುವ ಸಮಾಜದಲ್ಲಿ, ಮಧ್ಯವಯಸ್ಸಿನ ಗೃಹಿಣಿಯೊಬ್ಬರು ನೂರಾರು ಜನರ ಮುಂದೆ ಗಂಟಲು ಬಿಚ್ಚಿ ಕಿರುಚಬಹುದಾದ ಜಾಗ ಇದೊಂದೇ ಇರಬೇಕು. ಮೊದಲ ಸಲ ಒತ್ತಾಯಕ್ಕೆ ಹತ್ತಿದವರು ಎರಡನೇ ಸಲ ತಾವೇ ಸಾಲಿನಲ್ಲಿ ಮುಂದೆ ನಿಂತಿರುವುದೂ ಅಪರೂಪವಲ್ಲ.

ಇನ್ನು ಕಾನ್ಸಾಸ್ ಸಿಟಿಯ ಕಥೆ. ಶ್ಲಿಟರ್‌ಬಾನ್ ಜಲೋದ್ಯಾನದ ಫೆರ್ರುಕ್ಟ್‌ನ ಎತ್ತರ 168 ಅಡಿ 7 ಅಂಗುಲ. ತುದಿ ಮುಟ್ಟಲು 264 ಮೆಟ್ಟಿಲು. ಜಗತ್ತಿನಲ್ಲೇ ಅತಿ ಎತ್ತರದ ನೀರಿನ ಜಾರುಬಂಡೆ ಎಂದು ಗಿನ್ನೆಸ್ ಮಾನ್ಯತೆಯೂ ಸಿಕ್ಕಿತು. ಮೂವರು ಕೂರುವ ರಬ್ಬರ್ ತೆಪ್ಪ ಮೊದಲು ಕಡಿದಾಗಿ ಬಿದ್ದು, ನಂತರ ಐದು ಅಂತಸ್ತಿನಷ್ಟು ಎತ್ತರದ ಎರಡನೇ ದಿಬ್ಬವನ್ನು ಏರಿ ಇಳಿಯಬೇಕು. ಪರೀಕ್ಷೆಯ ಹಂತದಲ್ಲಿ ಮರಳುಚೀಲ ಹೇರಿದ ತೆಪ್ಪಗಳು ಆ ದಿಬ್ಬದ ಮೇಲೆ ಹಾರಿ ಹೊರಬಿದ್ದಿದ್ದವು. ಆರಂಭ ಮುಂದಕ್ಕೆ ಹೋಯಿತು; ದಿಬ್ಬವನ್ನು ತಿದ್ದಿ ಕಟ್ಟಿದರು; ಮೇಲೆ ಲೋಹದ ಬಳೆಗಳನ್ನು ನಿಲ್ಲಿಸಿ ಬಲೆ ಹೊದಿಸಿದರು. ಸವಾರರ ಒಟ್ಟು ತೂಕ 400ರಿಂದ 550 ಪೌಂಡುಗಳ ನಡುವೆ ಇರಬೇಕೆಂದು ಮೆಟ್ಟಿಲ ಬಳಿ ತೂಗುತ್ತಿದ್ದರು. 2014ರ ಜುಲೈನಲ್ಲಿ ಜನರಿಗೆ ತೆರೆದರು.

ಎರಡು ಬೇಸಿಗೆ ಕಳೆದು ಮೂರನೆಯದು ನಡೆದಿತ್ತು. 2016ರ ಆಗಸ್ಟ್ 7ರಂದು ಹತ್ತು ವರ್ಷದ ಬಾಲಕನೊಬ್ಬ ತೆಪ್ಪದ ಮುಂದಿನ ಆಸನದಲ್ಲಿ ಕುಳಿತಿದ್ದ. ಹಿಂದೆ ಇದ್ದ ಇಬ್ಬರು ಮಹಿಳೆಯರ ತೂಕ ಅವನಿಗಿಂತ ಬಹಳ ಹೆಚ್ಚು. ಎರಡನೇ ದಿಬ್ಬದ ಮೇಲೆ ತೆಪ್ಪ ಗಾಳಿಗೆ ಎದ್ದಿತು. ಬಲೆಯನ್ನು ಹೊತ್ತಿದ್ದ ಲೋಹದ ಬಳೆಗೆ ಬಡಿದು ಬಾಲಕ ಅಲ್ಲೇ ಸತ್ತ. ಮಹಿಳೆಯರಿಗೆ ಗಾಯಗಳಾದವು. ಹಾರಿಹೋಗದಂತೆ ಕಾಯಲು ಹಾಕಿದ್ದ ಏರ್ಪಾಡೇ ಪ್ರಾಣ ತೆಗೆಯಿತು.

ಆ ದಿನದವರೆಗೂ ಸಹಸ್ರಾರು ಮಂದಿ ಅದೇ ಮೆಟ್ಟಿಲನ್ನು ಅದೇ ನಡುಕದೊಂದಿಗೆ ಹತ್ತಿ, ಅದೇ ನಗುವಿನೊಂದಿಗೆ ಕೆಳಗೆ ಎದ್ದಿದ್ದರು. ಅವರ ಎದೆಬಡಿತದಲ್ಲಿ ಇದು ಬೇರೆ ಜಾರುಬಂಡೆಗಳಿಗಿಂತ ಭಿನ್ನ ಎಂಬ ಸುಳಿವೇನೂ ಇರಲಿಲ್ಲ. ಇರುವುದಾದರೂ ಹೇಗೆ? ಗಾಜಿನ ಮೇಲಿನ ಕೂಸು ಗಟ್ಟಿ ನೆಲವನ್ನು ಕಂಡು ಹೆದರಿತು. ತೆಪ್ಪದಲ್ಲಿ ಕುಳಿತವರು ನಿಜವಾದ ಅಪಾಯದ ಮೇಲೆ ಹಾದುಹೋಗಿ ನಕ್ಕರು. ಎತ್ತರ ಕಂಡಾಗ ದೇಹ ಹೆದರುತ್ತದೆ. ದಿಬ್ಬದ ಬಾಗು ಎಷ್ಟು ಡಿಗ್ರಿ ತಪ್ಪಿದೆ, ವೆಲ್ಕ್ರೊ ಪಟ್ಟಿ ಎಷ್ಟು ಸವೆದಿದೆ ಎಂಬುದನ್ನು ಅದು ಓದಲಾರದು. ಅದನ್ನು ಓದಬೇಕಾದವರು ಲೆಕ್ಕ ಬಲ್ಲ ಎಂಜಿನಿಯರು, ಹೊರಗಿನಿಂದ ಬಂದು ತಪಾಸಣೆ ಮಾಡುವ ಅಧಿಕಾರಿ.

ಆಗ ಕಾನ್ಸಾಸ್ ರಾಜ್ಯದ ಕಾನೂನಿನಲ್ಲಿ, ಉದ್ಯಾನದವರು ವರ್ಷದ ತಪಾಸಣೆಯನ್ನು ತಾವೇ ಮಾಡಿಕೊಳ್ಳಲು ಅವಕಾಶವಿತ್ತು. 2018ರಲ್ಲಿ ಸಲ್ಲಿಸಿದ ಆರೋಪಪಟ್ಟಿ, ಈ ಸಾವಿಗೂ ಮುಂಚೆ ಹತ್ತಕ್ಕೂ ಹೆಚ್ಚು ಮಂದಿ ಅದೇ ಜಾರುಬಂಡೆಯಲ್ಲಿ ಗಾಯಗೊಂಡಿದ್ದರೆಂದೂ, ವಿನ್ಯಾಸದ ಹೊಣೆ ಹೊತ್ತವರಿಗೆ ಎಂಜಿನಿಯರಿಂಗ್ ಪದವಿ ಇರಲಿಲ್ಲವೆಂದೂ ಹೇಳಿತು. ಸಾಕ್ಷ್ಯವನ್ನು ಮಂಡಿಸಿದ ಕ್ರಮ ಸರಿಯಿರಲಿಲ್ಲ ಎಂಬ ಕಾರಣಕ್ಕೆ ನ್ಯಾಯಾಧೀಶರು 2019ರ ಫೆಬ್ರವರಿಯಲ್ಲಿ ಆ ಆರೋಪಗಳನ್ನು ವಜಾ ಮಾಡಿದರು. ಮುಖ್ಯ ಪ್ರಶ್ನೆಗೆ ನ್ಯಾಯಾಲಯದಲ್ಲಿ ಉತ್ತರ ಸಿಗಲೇ ಇಲ್ಲ. ಇದಕ್ಕೆ ಮೊದಲೇ, 2017ರಲ್ಲಿ, ಶಾಸನಸಭೆ ಕಾನೂನನ್ನು ಬಿಗಿಗೊಳಿಸಿ, ಅರ್ಹ ತಪಾಸಣಾಧಿಕಾರಿಯಿಂದ ವಾರ್ಷಿಕ ಪರೀಕ್ಷೆಯನ್ನು ಕಡ್ಡಾಯ ಮಾಡಿತ್ತು. ಅಪಘಾತದ ದಿನ ಮುಚ್ಚಿದ ಜಾರುಬಂಡೆ ಮತ್ತೆ ತೆರೆಯಲಿಲ್ಲ. 2018ರ ನವೆಂಬರಿನಲ್ಲಿ ಅದನ್ನು ಕೆಡವಿದರು; ಉದ್ಯಾನವೂ ಆ ವರ್ಷದ ನಂತರ ಬಾಗಿಲು ಮುಚ್ಚಿತು.

ಒರಾನಿಯೆನ್‌ಬಾಮ್‌ನ ಜಾರುಹಾದಿಯೂ ಈಗಿಲ್ಲ. ಮರದ ಕಟ್ಟು ಶಿಥಿಲವಾದ ಕಾರಣ ಅದನ್ನು 19ನೇ ಶತಮಾನದ ಮಧ್ಯದಲ್ಲಿ ಕಳಚಿ ತೆಗೆದರು. ರಿನಾಲ್ಡಿಯ ನೀಲಿ ಬಿಳಿ ಮಂಟಪ ಮಾತ್ರ ಉಳಿದಿದೆ. ಅದರ ಮುಂದೆ ಹಿಂದೆ ಬಂಡಿಗಳು ಧಾವಿಸುತ್ತಿದ್ದ ಜಾಗದಲ್ಲಿ ಮರಗಳ ನಡುವೆ ಉದ್ದನೆಯ ಹುಲ್ಲುಹಾಸು ಹರಡಿಕೊಂಡಿದೆ.